ಹೊಳೆದಂಡೆಯ ಮೂರು ಕಲ್ಲು



ಹುಣ್ಣಿಮೆಗೆ ಹುಲಿಗಿಗೆ ಹೋದವರಿಗೆ ಇದು ಗೊತ್ತು. ಮುನಿರಾಬಾದ್ ಸ್ಟೇಷನ್ನಿನಲ್ಲಿ ಇಳಿದವರು, ಟ್ರ್ಯಾಕ್ಟರ್ ಕಟ್ಟಿಕೊಂಡು ಬಂದವರು ಹುಲಿಗೆಮ್ಮನ ಗುಡಿಯ ಸುತ್ತ, ತುಂಗಭದ್ರೆಯ ದಂಡೆಯಲ್ಲಿ ಬಿಡಾರ ಹೂಡುತ್ತಾರೆ. ಮೂರು ಕಲ್ಲಿಟ್ಟರೆ ಒಲೆ, ಚಾದರ ಕಟ್ಟಿದರೆ ಮನೆ.

ನಾವೂ ಒಮ್ಮೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆವು. ಸಣ್ಣವನು ಮೊದಲ ತಾಸೆಲ್ಲ ಮೊಬೈಲಿಗಾಗಿ ಅತ್ತ. ಅಜ್ಜಿ ಅವನಿಗೆ ಪುಳ್ಳೆ ಆರಿಸುವ ಕೆಲಸ ಹಚ್ಚಿದಳು. ಒಲೆ ಊದಿ ಊದಿ ಕಣ್ಣು ಕೆಂಪಾದರೂ ಅವನು ಅಲ್ಲಿಂದ ಏಳಲಿಲ್ಲ. ಹುಲಿಗೆಮ್ಮನಿಗೆ ಎಡೆ ಹಿಡಿಯುವವರೆಗೆ ಹೋಳಿಗೆ ಮುಟ್ಟುವಂತಿಲ್ಲ ಎಂದಾಗ, ಮನೆಯಲ್ಲಿ ಒಂದು ಗಳಿಗೆಯೂ ಕಾಯದ ಹುಡುಗ ಹಸಿದುಕೊಂಡೇ ಕಾದ. ಉಪ್ಪು ಕೇಳಲು ಬಂದ ಪಕ್ಕದ ಬಿಡಾರದ ಮಕ್ಕಳು ಹೋಗುವಾಗ ಅವನನ್ನೂ ಆಟಕ್ಕೆ ಕರೆದೊಯ್ದರು.

ಊರಿಗೆ ಬಂದು ಇದನ್ನು ಹೇಳಿದಾಗ ನಮ್ಮ ಓಣಿಯ ಕಥೋಲಿಕ ಗೆಳತಿಯ ಮುಖ ಅರಳಿತು. ಅವರದು ವೇಲಾಂಕಣಿಯ ಆರೋಗ್ಯಮಾತೆಯ ಯಾತ್ರೆ. ಆಗಸ್ಟ್ 29ಕ್ಕೆ ಅಲ್ಲಿ ಧ್ವಜ ಏರುತ್ತದೆ, ಸೆಪ್ಟೆಂಬರ್ 8ಕ್ಕೆ ಮಾತೆ ಮರಿಯಳ ಜನ್ಮದಿನದ ಹಬ್ಬ. ಸಮುದ್ರದ ದಂಡೆ, ಹಾಸಿದ ಚಾಪೆ, ಮಕ್ಕಳ ಜೊತೆ ಜಪಸರದ ಪ್ರಾರ್ಥನೆ. ‘ನಮ್ಮ ಮಕ್ಕಳೂ ಅಲ್ಲೇ ಕಾಯೋದು ಕಲಿತರು ಅಕ್ಕಾ’ ಎಂದಳು.

ನಾವು ಹುಲಿಗಿಗೆ ಹೋದ ಆ ರಾತ್ರಿ ಬಯಲಿಗೇ ಮಲಗಿದ್ದೆವು. 1953ರಲ್ಲಿ ಕಟ್ಟಿ ಮುಗಿಸಿದ ತುಂಗಭದ್ರಾ ಅಣೆಕಟ್ಟೆಯ ಕಡೆ ಕೈ ತೋರಿಸಿ ಸಣ್ಣವನು ಕೇಳಿದ: ‘ಅದು ಇಲ್ಲದಾಗ ಈ ಹೊಳೆ ಹೆಂಗಿತ್ತು?’ ಅಜ್ಜಿ ಎದ್ದು ಕೂತು, ತನ್ನ ಅವ್ವನಿಂದ ಕೇಳಿದ್ದನ್ನು ಹೇಳತೊಡಗಿದಳು. ಬೆಳದಿಂಗಳು ಇಳಿಯುವವರೆಗೆ ಹೇಳಿದಳು.