ಮರಿಮೀನಿಗೆ ಮೊದಲ ತುತ್ತು

ಮನೆಯಲ್ಲಿ ಕೂಸು ಹುಟ್ಟುವ ಮುನ್ನ ಅದರ ಹಾಲಿಗೇನು ಗತಿ ಎಂದು ಯಾರೂ ಚಿಂತಿಸುವುದಿಲ್ಲ; ತಾಯಿ ಇದ್ದಾಳೆಂಬ ನೆಮ್ಮದಿ ಇರುತ್ತದೆ. ನಾವು ಗಾಜಿನ ತೊಟ್ಟಿಯಲ್ಲಿ ಸಾಕುವ ಬಹುಪಾಲು ಮೀನುಗಳ ಸಂಸಾರದಲ್ಲಿ ಈ ನೆಮ್ಮದಿಗೆ ಎಡೆಯಿಲ್ಲ. ಅಲ್ಲಿ ಹುಟ್ಟಿದ ಮರಿಗೆ ಉಣಿಸುವ ಹೊಣೆ ತೊಟ್ಟಿಯ ಯಜಮಾನನದು. ಈ ಮಾತನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ; ನೂರಾರು ಮರಿಗಳ ಸಾವಿನಿಂದ ಕಲಿತೆ.

ನಮ್ಮಲ್ಲಿ ಒಂದು ಜೊತೆ ಏಂಜೆಲ್ ಮೀನುಗಳಿದ್ದವು. ಒಂದು ಮುಂಜಾನೆ, ಅವು ಅಗಲವಾದ ಎಲೆಯೊಂದರ ಮೇಲೆ ಮುತ್ತು ಪೋಣಿಸಿದಂತೆ ಮೊಟ್ಟೆಗಳನ್ನು ಅಂಟಿಸಿದ್ದನ್ನು ಕಂಡು ಮಗಳು ಮನೆಮಂದಿಯನ್ನೆಲ್ಲ ಎಬ್ಬಿಸಿದಳು. ಎರಡು ಮೂರು ದಿನಗಳಲ್ಲಿ ಮೊಟ್ಟೆಗಳು ಒಡೆದವು. ಮತ್ತೆ ನಾಲ್ಕೈದು ದಿನ ಮರಿಗಳು ಎಲೆಗೆ ಅಂಟಿಕೊಂಡೇ ಇದ್ದು, ಹುಟ್ಟುವಾಗ ಹೊಟ್ಟೆಗೆ ಕಟ್ಟಿಕೊಂಡು ಬಂದ ಬುತ್ತಿಯಿಂದ ಬದುಕಿದವು. ಆಮೇಲೆ ಒಂದು ಮಧ್ಯಾಹ್ನ ಎಲ್ಲವೂ ಒಟ್ಟಿಗೆ ಈಜತೊಡಗಿದವು. ನಾವು ಹಿಗ್ಗಿದೆವು. ಬುತ್ತಿ ಮುಗಿದಿದೆ ಎಂಬುದು ನಮಗೆ ಹೊಳೆಯಲಿಲ್ಲ.

ಹೊಳೆದಾಗ ಕೈಗೆ ಸಿಕ್ಕಿದ್ದನ್ನು ಹಾಕಿದೆ. ಬೇಯಿಸಿದ ಕೋಳಿಮೊಟ್ಟೆಯ ಹಳದಿಯನ್ನು ಬಟ್ಟೆಯಲ್ಲಿ ಹಿಂಡಿದೆ. ಅಂಗಡಿಯಿಂದ ತಂದ ಪುಡಿಯನ್ನು ನುಣ್ಣಗೆ ಅರೆದು ಉದುರಿಸಿದೆ. ಮರಿಗಳು ಅದರ ನಡುವೆಯೇ ಸುಳಿದಾಡಿದವು, ಬಾಯಿ ಹಾಕಲಿಲ್ಲ. ಅಲುಗಾಡದ್ದು ಅವುಗಳ ಕಣ್ಣಿಗೆ ಅನ್ನವೆಂದು ತೋರಲಿಲ್ಲ. ಮರುದಿನ ನೀರು ಹಳಸಿತು. ನಾಲ್ಕನೆಯ ದಿನಕ್ಕೆ ತೊಟ್ಟಿ ಬರಿದಾಯಿತು. ಉಣ್ಣುವವರು ಇದ್ದಾರೆ, ಉಣಿಸುವವನು ಇದ್ದಾನೆ, ಆದರೂ ಹಸಿವಿನಿಂದ ಸಾವು! ಮಗಳು ಎರಡು ದಿನ ನನ್ನೊಡನೆ ಮಾತನಾಡಲಿಲ್ಲ.

ಆ ಮರಿಗಳಿಗೆ ಬೇಕಾಗಿದ್ದುದು ತಮಗಿಂತ ಚಿಕ್ಕದಾದ, ಓಡಾಡುವ ಜೀವ. ಅಂಥದೊಂದು ಜೀವವನ್ನು ಪ್ರಕೃತಿ ಉಪ್ಪಿನ ಕೆರೆಗಳಲ್ಲಿ ಇರಿಸಿದೆ. ಅದೇ ಉಪ್ಪುನೀರಿನ ಸೀಗಡಿ. ಶಾಸ್ತ್ರಜ್ಞರು ಅದನ್ನು ಆರ್ಟೀಮಿಯ ಎನ್ನುತ್ತಾರೆ. ಅಮೆರಿಕದ ಯೂಟಾ ಪ್ರಾಂತದ ಮಹಾ ಲವಣ ಸರೋವರದಲ್ಲಿ, ನಮ್ಮ ನೆರೆಯ ತೂತ್ತುಕುಡಿಯ ಉಪ್ಪಿನ ಗದ್ದೆಗಳಲ್ಲಿ ಅದರ ವಾಸ. ಬೆಳೆದಾಗ ಒಂದು ಸೆಂಟಿಮೀಟರಿನಷ್ಟು ಉದ್ದ, ಎದೆಯ ಕೆಳಗೆ ಹನ್ನೊಂದು ಜೊತೆ ಗರಿಯಂಥ ಕಾಲುಗಳು, ಈಜುವುದು ಅಂಗಾತವಾಗಿ. ಶತ್ರುವನ್ನು ಎದುರಿಸಲು ಕೊಂಡಿಯಿಲ್ಲ, ಗಟ್ಟಿ ಕವಚವಿಲ್ಲ. ಮೀನು ಬದುಕಲಾರದ ಕಟು ಲವಣಜಲವೇ ಅದರ ಕೋಟೆ. ಆ ಕೋಟೆಯ ಹೊರಗೆ ಅದು ಎಲ್ಲರಿಗೂ ತುತ್ತು. ಅದರ ಮರಿಗಳನ್ನು ಮೀನಿನ ಮರಿಗಳಿಗೆ ಉಣಿಸಬಹುದೆಂದು 1933ರಲ್ಲಿ ಅಮೆರಿಕದ ಸೀಲ್, 1939ರಲ್ಲಿ ನಾರ್ವೆಯ ರೋಲೆಫ್ಸೆನ್ ತೋರಿಸಿಕೊಟ್ಟರು.

ಇದರ ವಂಶೋದ್ಧಾರದ ರೀತಿ ವಿಚಿತ್ರ. ಕಾಲ ಒಳ್ಳೆಯದಿದ್ದರೆ ಹೆಣ್ಣು ಜೀವಂತ ಮರಿಗಳನ್ನೇ ಹಾಕುತ್ತದೆ. ನೀರು ಬತ್ತಿ ಉಪ್ಪು ಮಿತಿಮೀರಿತೆಂದರೆ ಗಟ್ಟಿ ಚಿಪ್ಪಿನ ಮೊಟ್ಟೆಗಳನ್ನು ಬಿಡುತ್ತದೆ. ಒಳಗಿನ ಭ್ರೂಣ ಬೆಳವಣಿಗೆಯನ್ನು ನಿಲ್ಲಿಸಿ ನಿದ್ರಿಸುತ್ತದೆ. ನಸ್ಯದ ಪುಡಿಯಂತೆ ಕಾಣುವ ಈ ಮೊಟ್ಟೆಗಳು, ಒಣಗಿಸಿ ಡಬ್ಬಿಯಲ್ಲಿ ಭದ್ರವಾಗಿಟ್ಟರೆ, ವರ್ಷಗಟ್ಟಲೆ ಕಾದಿರಬಲ್ಲವು. ಒಂದು ಗ್ರಾಮಿನಲ್ಲಿ ಎರಡು ಲಕ್ಷಕ್ಕೂ ಮಿಕ್ಕಿ ಇರುತ್ತವೆ! 1972ರಲ್ಲಿ, ಅಂತರಿಕ್ಷದ ಕಿರಣಗಳು ಜೀವವನ್ನು ಹೇಗೆ ತಾಕುತ್ತವೆಂದು ಅರಿಯಲು, ಅಪೋಲೋ 16ರ ಚಂದ್ರಯಾತ್ರೆಯಲ್ಲಿ ಇವನ್ನು ಕೊಂಡೊಯ್ದಿದ್ದರು.

ಇವನ್ನು ನಿದ್ರೆಯಿಂದ ಎಬ್ಬಿಸುವುದು ಕಷ್ಟವಲ್ಲ. ರಾತ್ರಿಯಿಡೀ ತೆರೆದಿಟ್ಟ ಒಂದು ಲೀಟರ್ ನಲ್ಲಿ ನೀರಿಗೆ 25ರಿಂದ 30 ಗ್ರಾಂ ಕಲ್ಲುಪ್ಪು ಕರಗಿಸಿ. ನಮ್ಮ ಮನೆಯಲ್ಲಿ ಗೋಕರ್ಣದ ಬಳಿಯ ಸಾಣಿಕಟ್ಟೆಯ ಉಪ್ಪು. ಅದನ್ನು ಗಾಜಿನ ಶೀಸೆಗೆ ತುಂಬಿ, ಕಾಲು ಚಮಚೆಯಷ್ಟು ಮೊಟ್ಟೆ ಉದುರಿಸಿ, ಗಾಳಿಯ ಕೊಳವೆಯನ್ನು ತಳಕ್ಕೆ ಇಳಿಬಿಟ್ಟು ನೀರು ಸದಾ ಕುದಿಯುವಂತೆ ಕಲಕುತ್ತಿರಲಿ. ಬೆಳಕು ಬೇಕು, 28 ಡಿಗ್ರಿಯಷ್ಟು ಬೆಚ್ಚಗೂ ಇರಬೇಕು. ಬೆಂಗಳೂರಿನ ಚಳಿಗಾಲದಲ್ಲಿ ಶೀಸೆಯ ಪಕ್ಕದಲ್ಲಿ ಒಂದು 40 ವ್ಯಾಟಿನ ಬಲ್ಬು ಉರಿಸಿದರೆ ಎರಡೂ ಒದಗಿದಂತಾಯಿತು. 24ರಿಂದ 36 ಗಂಟೆಗಳಲ್ಲಿ ನೀರು ಕಿತ್ತಳೆಯ ಬಣ್ಣಕ್ಕೆ ತಿರುಗುತ್ತದೆ. ಆಗ ಗಾಳಿಯನ್ನು ಹತ್ತು ನಿಮಿಷ ನಿಲ್ಲಿಸಬೇಕು. ಬರಿಯ ಚಿಪ್ಪುಗಳು ಮೇಲೆ ತೇಲುತ್ತವೆ. ಮರಿಗಳು ಬೆಳಕಿದ್ದ ಕಡೆಗೆ ಗುಂಪುಗೂಡುತ್ತವೆ. ಸಣ್ಣ ಕೊಳವೆಯಿಂದ ಮರಿಗಳನ್ನಷ್ಟೇ ಸೆಳೆದು, ಒತ್ತಾದ ಬಟ್ಟೆಯಲ್ಲಿ ಸೋಸಿ, ಸಿಹಿನೀರಿನಲ್ಲಿ ತೊಳೆದು ಮೀನುಗಳಿಗೆ ಹಾಕಬೇಕು. ಚಿಪ್ಪು ಸೇರಕೂಡದು; ಅದು ಮರಿಮೀನಿನ ಕರುಳಿನಲ್ಲಿ ಸಿಕ್ಕಿಕೊಂಡೀತು.

ಇಲ್ಲಿ ಮುಖ್ಯವಾದದ್ದು ವೇಳೆ. ಸೀಗಡಿಯ ಮರಿಯೂ ಹೊಟ್ಟೆಯಲ್ಲಿ ಬುತ್ತಿ ಹೊತ್ತೇ ಹುಟ್ಟುತ್ತದೆ. ಅದು ಕರಗುವ ಮುನ್ನ ಉಣಿಸಿದರೆ ಪುಷ್ಟಿ; ತಡವಾದಷ್ಟೂ ಸಾರ ಇಳಿಯುತ್ತದೆ. ಆದ್ದರಿಂದ ಎರಡನೆಯ ಸಲ ಏಂಜೆಲ್ ಮೀನು ಮೊಟ್ಟೆಯಿಟ್ಟಾಗ, ಮರಿಗಳು ಈಜುವ ಹಿಂದಿನ ದಿನವೇ ಮೊದಲ ಶೀಸೆ ಹೂಡಿದೆ, ಮರುದಿನ ಎರಡನೆಯದು, ಹೀಗೆ ಸರದಿ. ಮೊದಲ ತುತ್ತು ಬಿದ್ದ ಅರ್ಧ ಗಂಟೆಯಲ್ಲಿ ಮರಿಗಳ ಪಾರದರ್ಶಕ ಹೊಟ್ಟೆಗಳು ಕಿತ್ತಳೆ ಬಣ್ಣ ತಾಳಿದವು. ಮಗಳು ಒಂದೊಂದಾಗಿ ಎಣಿಸುತ್ತ ಕುಳಿತಳು.

ಆಗಲೇ ನಮ್ಮ ತಾಯಿ ಕೇಳಿದರು: “ಒಂದು ಹಿಡಿ ಮೀನಿಗಾಗಿ ಇಷ್ಟೊಂದು ಜೀವವನ್ನು ಹುಟ್ಟಿಸಿ ಕೊಲ್ಲುವುದೇನಪ್ಪಾ?” ಪ್ರಕೃತಿಯ ನಿಯಮವೆಂದು ನಾನು ಏನೋ ಹೇಳಿದೆ. ಅವರು ಒಪ್ಪಲಿಲ್ಲ, ನಿಜಕ್ಕೂ ನಾನೂ ಒಪ್ಪಿರಲಿಲ್ಲ. ಕೆರೆಯಲ್ಲಿ ಮೀನು ತಾನೇ ಹುಡುಕಿ ತಿನ್ನುವುದು ಬೇರೆ. ನಾನು ಎಬ್ಬಿಸಿ ಉಣಿಸುವುದು ಬೇರೆ. ಅಂದಿನಿಂದ ಒಂದು ನೇಮ ಮಾಡಿಕೊಂಡೆ: ಆ ದಿನಕ್ಕೆ ಬೇಕಾದಷ್ಟನ್ನೇ ಎಬ್ಬಿಸುವುದು. ಡಬ್ಬಿಯಲ್ಲಿರುವವು ಕಾಯಬಲ್ಲವು, ಎದ್ದವು ಕಾಯಲಾರವು.

ಆದರೂ ಲೆಕ್ಕ ತಪ್ಪಿ ಕೆಲವು ಉಳಿಯುತ್ತವೆ. ಅವನ್ನು ಅಗಲವಾದ ಪಾತ್ರೆಯ ಉಪ್ಪುನೀರಿಗೆ ಬಿಟ್ಟು, ನೀರು ತಿಳಿಯಾದಾಗಲೆಲ್ಲ ಚಿಟಿಕೆ ಯೀಸ್ಟ್ ಕದಡಿ ಹಾಕುತ್ತೇವೆ. ಎರಡು ಮೂರು ವಾರಗಳಲ್ಲಿ ಅವು ಪ್ರಾಯಕ್ಕೆ ಬರುತ್ತವೆ. ದೊಡ್ಡ ಮೀನುಗಳಿಗೆ ಅವು ಹಬ್ಬದೂಟವೆಂದು ನನಗೆ ಗೊತ್ತು. ಆದರೆ ಆ ಪಾತ್ರೆಯ ಮೇಲ್ವಿಚಾರಣೆ ಈಗ ತಾಯಿಯವರದು. ಸಂಜೆ ದೀಪ ಹಚ್ಚಿದ ಮೇಲೆ ಅವರು ಅದರ ಬಳಿ ಕೂರುತ್ತಾರೆ. ಬೆಳಕಿನತ್ತ ಹೊಟ್ಟೆ ತಿರುಗಿಸಿ ಈಜುವ ಆ ಜೀವಗಳನ್ನು ಬಲೆಯಲ್ಲಿ ಹಿಡಿಯಲು ನಾನು ಈವರೆಗೆ ಅವರ ಅಪ್ಪಣೆ ಕೇಳಿಲ್ಲ.