ತಂತಿಯ ಕೊನೆಯಲ್ಲಿ ಒಬ್ಬ ಮನುಷ್ಯ

(ಓದುಗರ ಕೂಟವೊಂದರಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹರೂಪ)



ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾದವರು ನಿಮ್ಮಲ್ಲಿ ಹಲವರಿದ್ದೀರಿ. ನನ್ನ ವಯಸ್ಸಿನವರಿಗೆ ಅದು ಕೇಳಿದ ಕಥೆ ಮಾತ್ರ. ಆದರೆ ಆ ಕಾಯುವಿಕೆ ಹೇಗೆ ಮುಗಿಯಿತು ಎಂಬುದರಲ್ಲಿ ಇಂದಿಗೂ ಸಲ್ಲುವ ಪಾಠವೊಂದಿದೆ.

ಆಗ ದೂರವಾಣಿ ಪೂರ್ತಿಯಾಗಿ ಸರ್ಕಾರದ ಕೈಯಲ್ಲಿತ್ತು. ಹೊರದೇಶದ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್‌ಗಳಿಗೆ ಹವಾನಿಯಂತ್ರಿತ ಕೊಠಡಿ ಬೇಕು. ನಮ್ಮ ಹಳ್ಳಿಗಳಲ್ಲಿ ಕರೆಂಟೇ ಖಾತ್ರಿಯಿಲ್ಲ. 1984ರಲ್ಲಿ ಕೇಂದ್ರ ಸರ್ಕಾರ ಸಿ-ಡಾಟ್ ಸಂಸ್ಥೆಯನ್ನು ಸ್ಥಾಪಿಸಿತು. ಸ್ಯಾಮ್ ಪಿತ್ರೋಡಾ ಅವರ ಮಾರ್ಗದರ್ಶನದಲ್ಲಿ ಅಲ್ಲಿನ ಯುವ ಎಂಜಿನಿಯರುಗಳು ದೂಳು, ಸೆಕೆ ಎರಡನ್ನೂ ತಾಳಿಕೊಳ್ಳುವ, 128 ಲೈನುಗಳ ಪುಟ್ಟ ಗ್ರಾಮೀಣ ಎಕ್ಸ್‌ಚೇಂಜ್ ರೂಪಿಸಿದರು. 1986ರಲ್ಲಿ ಅದು ಮೊದಲು ಕೆಲಸ ಆರಂಭಿಸಿದ್ದು ನಮ್ಮ ಕಿತ್ತೂರಿನಲ್ಲಿ.

ಯಂತ್ರವೇನೋ ಬಂತು. ಮನೆಮನೆಗೆ ಫೋನ್ ಕೊಡುವ ಶಕ್ತಿ ದೇಶಕ್ಕಿರಲಿಲ್ಲ. ಆ ಕೊರತೆ ತುಂಬಿದ್ದು ಹಳದಿ ಬೋರ್ಡಿನ ಎಸ್‌ಟಿಡಿ ಬೂತ್. ಲೈನು ಸರ್ಕಾರದ್ದು, ಅಂಗಡಿ ಊರಿನವರದ್ದು. ಪ್ರತಿ ಕರೆಯಲ್ಲೂ ಕಮಿಷನ್ ಇದ್ದುದರಿಂದ ಅವರು ರಾತ್ರಿಯವರೆಗೂ ಬಾಗಿಲು ತೆರೆದಿಟ್ಟರು. ನಂಬರ್ ಒತ್ತಲು ಬಾರದವರಿಗೆ ತಾವೇ ಒತ್ತಿಕೊಟ್ಟರು.

ಮಾಹಿತಿ ಜಾಲಕ್ಕೂ ಸರ್ಕಾರವೇ ಬುನಾದಿ ಹಾಕಿತು. 1986ರಲ್ಲಿ ಆರಂಭವಾದ ಅರ್ನೆಟ್, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಹಾಗೂ ಐಐಟಿಗಳ ಕಂಪ್ಯೂಟರುಗಳನ್ನು ಬೆಸೆಯಿತು. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಜನಸಾಮಾನ್ಯರಿಗೆ ಇಂಟರ್‌ನೆಟ್ ತೆರೆಯಿತು. ಹಳ್ಳಿಗಳಿಗೆ ಅದನ್ನು ಒಯ್ಯಲೆಂದು 2011ರಲ್ಲಿ ಮಂಜೂರಾದ ಯೋಜನೆಯೇ ಇಂದಿನ ಭಾರತ್‌ನೆಟ್. ಗುರಿ, ಸುಮಾರು 2.5 ಲಕ್ಷ ಗ್ರಾಮ ಪಂಚಾಯತಿಗಳು.

ಕೇಬಲ್ ಬಹುಪಾಲು ಪಂಚಾಯತಿಗಳನ್ನು ತಲುಪಿದೆ. ಆದರೆ ಪಂಚಾಯತಿ ಕಚೇರಿ ತಲುಪಿದ್ದು ಮನೆ ತಲುಪಿದಂತಲ್ಲ. ಕಚೇರಿಗೆ ಬೀಗ ಬಿದ್ದರೆ ಜಾಲಕ್ಕೂ ಬೀಗ. ತಂತಿ ತುಂಡಾದರೆ ತನ್ನ ಅನ್ನಕ್ಕೆ ಕುತ್ತು ಬಂತೆಂದು ಓಡಿಬರುವವರು ಅಲ್ಲಿಲ್ಲ.

2023ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಪರಿಷ್ಕೃತ ಯೋಜನೆಯಲ್ಲಿ, ಊರಿನ ಉದ್ಯಮಿಗಳೇ ಮನೆಗಳಿಗೆ ಸಂಪರ್ಕ ಕೊಟ್ಟು ಆದಾಯದಲ್ಲಿ ಪಾಲು ಪಡೆಯುವ ಏರ್ಪಾಡಿದೆ. ಹಳದಿ ಬೋರ್ಡಿನ ಪಾಠ ತಡವಾಗಿಯಾದರೂ ನೆನಪಾಗಿದೆ ಎನ್ನಬೇಕು.

ಲಾಭ ಕಾಣದ ಕಡೆ ತಂತಿ ಎಳೆಯುವುದು ಸರ್ಕಾರದ ಕರ್ತವ್ಯ. ಆ ತಂತಿಯ ಕೊನೆಯಲ್ಲಿ ಬದುಕು ಕಟ್ಟಿಕೊಂಡವರೊಬ್ಬರು ಇರುವಂತೆ ನೋಡಿಕೊಳ್ಳುವುದೂ ಅದರ ಕರ್ತವ್ಯವೇ. ಎಷ್ಟು ಕಿಲೋಮೀಟರ್ ಕೇಬಲ್ ಹೂಳಿದಿರಿ ಎಂದು ಕೇಳಿದ್ದು ಸಾಕು; ಸಂಜೆ ಆರರ ನಂತರ ಅದು ಎಷ್ಟು ಮನೆಗಳಲ್ಲಿ ಕೆಲಸ ಮಾಡುತ್ತದೆ ಎಂದು ಇನ್ನು ಕೇಳೋಣ.