‘ಪುಟ್’ ಎಂಬ ಪುಟ್ಟ ಕ್ರಿಯಾಪದ



ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗನಿಗೆ ‘ಪುಟ್’ ಎಂದರೆ ‘ಇಡು’ ಎಂಬುದು ಗೊತ್ತು. ‘ಆಫ್’, ‘ಔಟ್’, ‘ಅಪ್’ಗಳೂ ಗೊತ್ತು. ಆದರೆ ಸಂದರ್ಶನಕ್ಕೆ ಕಾದು ಕುಳಿತಾಗ ‘ದಿ ಇಂಟರ್‌ವ್ಯೂ ಹ್ಯಾಸ್ ಬೀನ್ ಪುಟ್ ಆಫ್’ ಎಂದು ಯಾರಾದರೂ ಹೇಳಿದರೆ, ಒಳಗೆ ಹೋಗಬೇಕೋ ಮನೆಗೆ ಹೋಗಬೇಕೋ ತಿಳಿಯದೆ ಕಕ್ಕಾಬಿಕ್ಕಿಯಾಗುತ್ತಾನೆ. ‘ಮುಂದೂಡಲಾಗಿದೆ’ ಎಂಬ ಅರ್ಥ ಆ ಎರಡು ಪದಗಳಲ್ಲಿ ಯಾವುದರೊಳಗೂ ಕಾಣದು. ತಾನು ದಡ್ಡನೆಂದು ಅವನು ಕುಗ್ಗುತ್ತಾನೆ.

ಈ ತೊಡಕನ್ನು ಇಂಗ್ಲಿಷರೇ ಬಹಳ ಹಿಂದೆ ಗುರುತಿಸಿದ್ದರು. ಸ್ಯಾಮುಯೆಲ್ ಜಾನ್ಸನ್ 1755ರಲ್ಲಿ ಹೊರತಂದ ತನ್ನ ನಿಘಂಟಿನ ಮುನ್ನುಡಿಯಲ್ಲಿ, ಪರಭಾಷಿಕರಿಗೆ ಅತಿ ಕಷ್ಟವಾಗುವುದು ಇಂಥ ಜೋಡಣೆಗಳೇ ಎಂದು ಒಪ್ಪಿಕೊಂಡಿದ್ದ. ಇವಕ್ಕೆ ‘ಫ್ರೇಸಲ್ ವರ್ಬ್’ ಎಂಬ ಹೆಸರು ಪ್ರಚಾರಕ್ಕೆ ಬಂದದ್ದು ಲೋಗನ್ ಪಿಯರ್ಸಲ್ ಸ್ಮಿತ್‌ನ 1925ರ ಪುಸ್ತಕದಿಂದ. ಹೆಸರನ್ನು ಸೂಚಿಸಿದವನು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕರಲ್ಲೊಬ್ಬನಾದ ಹೆನ್ರಿ ಬ್ರಾಡ್ಲಿ.

ಇಂಗ್ಲಿಷಿನಲ್ಲಿ ಒಂದೇ ಕೆಲಸಕ್ಕೆ ಹಲವು ಸಲ ಎರಡು ಮಾತುಗಳಿವೆ. ‘ಪೋಸ್ಟ್‌ಪೋನ್’, ‘ಎಕ್ಸ್‌ಟಿಂಗ್ವಿಷ್’, ‘ಟಾಲರೇಟ್’ ಲ್ಯಾಟಿನ್ ಮೂಲದ ಗ್ರಂಥಸ್ಥ ಪದಗಳು. ಮನೆಮಾತಿನಲ್ಲಿ ಇವೇ ‘ಪುಟ್ ಆಫ್’, ‘ಪುಟ್ ಔಟ್’, ‘ಪುಟ್ ಅಪ್ ವಿತ್’ ಆಗುತ್ತವೆ. ಕನ್ನಡದಲ್ಲಿ ‘ಸಹಿಸು’ ಎಂಬ ಸಂಸ್ಕೃತಮೂಲದ ಪದದ ಪಕ್ಕದಲ್ಲೇ ‘ತಾಳಿಕೊ’ ಇರುವ ಹಾಗೆ. ಪಠ್ಯಪುಸ್ತಕದಿಂದ ಕಲಿತವನಿಗೆ ಮೊದಲಿನ ಸಾಲು ಬರುತ್ತದೆ. ಬೀದಿಯಲ್ಲಿ ಕಿವಿಗೆ ಬೀಳುವುದು ಎರಡನೆಯದು.

ಇದು ಕನ್ನಡಿಗರಿಗೆ ತೀರ ಅಪರಿಚಿತವೇನಲ್ಲ. ‘ಹೇಳು’ ಎಂಬುದನ್ನೇ ನೋಡಿ. ‘ಹೇಳಿಕೊಟ್ಟ’ ಎಂದರೆ ಕಲಿಸಿದ, ‘ಹೇಳಿಕೊಂಡ’ ಎಂದರೆ ಮನಸ್ಸು ಬಿಚ್ಚಿದ, ‘ಹೇಳಿಬಿಟ್ಟ’ ಎಂದರೆ ತಡೆಯಲಾರದೆ ಆಡಿದ, ‘ಹೇಳಿಕಳಿಸಿದ’ ಎಂದರೆ ಬರಲು ಕರೆ ಕಳಿಸಿದ. ಹೊರಗಿನಿಂದ ಬಂದು ಕನ್ನಡ ಕಲಿಯುವವರು ಇಲ್ಲಿ ಎಡವುವುದು ಸಹಜ. ಕನ್ನಡದಲ್ಲಿ ಸಹಾಯಕ ಕ್ರಿಯಾಪದ ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ ‘ಆಫ್’, ‘ಔಟ್’ಗಳು ಮಾಡುತ್ತವೆ.

ಹಾಗಾದರೆ ಕಲಿಯುವ ಬಗೆ? ಪಟ್ಟಿ ಉರುಹೊಡೆದರೆ ವಾರದಲ್ಲಿ ಮರೆತುಹೋಗುತ್ತದೆ. ಜೊತೆಗಿರುವ ಕಿರುಪದದ ಚಿತ್ರವನ್ನು ಹಿಡಿಯಬೇಕು. ‘ಆಫ್’ ಎಂದರೆ ಆಚೆಗೆ: ಕನ್ನಡಿಗರು ಸಭೆಯನ್ನು ಮುಂದಕ್ಕೆ ದೂಡುತ್ತಾರೆ, ಇಂಗ್ಲಿಷರು ಆಚೆಗೆ ಇಡುತ್ತಾರೆ. ‘ಔಟ್’ನಲ್ಲಿ ಮುಗಿಯುವಿಕೆಯಿದೆ; ಬೆಂಕಿ ಆರಿಸುವುದು ‘ಪುಟ್ ಔಟ್’. ‘ಆನ್’ ಎಂದರೆ ಮೇಲೆ. ಅಂಗಿ ತೊಡುವುದು ‘ಪುಟ್ ಆನ್’. ಬರಿಯ ಕ್ರಿಯಾಪದಕ್ಕಿಂತ ಸಭೆ, ಬೆಂಕಿ, ಅಂಗಿಗಳನ್ನೂ ಸೇರಿಸಿ ಕಲಿತರೆ ನೆನಪು ನಿಲ್ಲುತ್ತದೆ.

ಪದಗಳ ಸ್ಥಾನಕ್ಕೂ ಒಂದು ಕಟ್ಟಳೆಯುಂಟು. ‘ಪುಟ್ ಆಫ್ ದಿ ಮೀಟಿಂಗ್’ ಸರಿ. ಆದರೆ ಸರ್ವನಾಮ ಬಂದರೆ ‘ಪುಟ್ ಇಟ್ ಆಫ್’ ಎಂದು ನಡುವೆ ಸೇರಬೇಕು. ‘ಪುಟ್ ಅಪ್ ವಿತ್’ ಮಾತ್ರ ಒಡೆಯದ ಕುಟುಂಬ: ‘ಪುಟ್ ಅಪ್ ವಿತ್ ಇಟ್’ ಎಂದೇ ಹೇಳಬೇಕು.

ಆ ಹುಡುಗನಿಗೆ ಬುದ್ಧಿ ಕಡಿಮೆಯಿರಲಿಲ್ಲ. ಎರಡು ಪದಗಳು ಸೇರಿ ಒಂದೇ ಮಾತಾಗುತ್ತವೆಂದು ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ, ಅಷ್ಟೆ.